ಲಿನಕ್ಸಿನಿಂದ ಮಿಕ್ಸಿಯವರೆಗೆ

ಫ್ಲೆಕ್ಸ್ ಅಂಗಡಿಯ ಹುಡುಗ ಕಂಪ್ಯೂಟರಿನಿಂದ ತಲೆ ಎತ್ತದೆ ಕೇಳಿದ: "ಸಾರ್, 'ಲಿನಕ್ಸ್ ಬಳಗ' ಅಂತ ಹಾಕ್ಲೋ, 'ತಂತ್ರಜ್ಞಾನ ಬಳಗ' ಅಂತ ಹಾಕ್ಲೋ? ನಿಮ್ಮೋರೇ ಇಬ್ರು ಫೋನ್ ಮಾಡಿ ಒಬ್ಬೊಬ್ರು ಒಂದೊಂದು ಹೇಳಿದ್ರು." ಬ್ಯಾನರಿನ ಅಗಲ ಆರಡಿ ಅಂತ ಗೊತ್ತಿತ್ತು. ಬಳಗದ ಅಗಲ ಎಷ್ಟು ಅನ್ನುವುದೇ ಇನ್ನೂ ಇತ್ಯರ್ಥವಾಗಿರಲಿಲ್ಲ.

ಮೈಸೂರಿನಲ್ಲಿ ಭಾನುವಾರ ಬೆಳಿಗ್ಗೆ ಸೇರುವ ನಮ್ಮಲ್ಲಿ ಎರಡು ಪಕ್ಷ. ಮಡಿವಂತರಿಗೆ ವಿಂಡೋಸ್ ಬದಲು ಕಂಪ್ಯೂಟರ್ ನಡೆಸುವ ಮುಕ್ತ ತಂತ್ರಾಂಶವಾದ ಲಿನಕ್ಸ್ ಬಿಟ್ಟು ಬೇರೆ ಮಾತೆತ್ತಿದರೆ ಮೈಲಿಗೆ. ಅವರಲ್ಲೂ ಒಂದು ಒಳಪಂಗಡ: ಬರೀ ಲಿನಕ್ಸ್ ಅನ್ನಬಾರದಂತೆ, ಗ್ನು/ಲಿನಕ್ಸ್ ಅನ್ನಬೇಕಂತೆ. 1983ರಲ್ಲಿ ಸ್ಟಾಲ್ಮನ್ ಗ್ನು ಅನ್ನುವ ಮುಕ್ತ ತಂತ್ರಾಂಶ ಯೋಜನೆ ಘೋಷಿಸದೇ ಹೋಗಿದ್ದರೆ 1991ರಲ್ಲಿ ಟೋರ್ವಾಲ್ಡ್ಸ್ ಬರೆದ ಕರ್ನಲ್ಲನ್ನು, ಅಂದರೆ ಲಿನಕ್ಸಿನ ಬರೀ ತಿರುಳನ್ನು, ಇಟ್ಟುಕೊಂಡು ಏನು ಮಾಡ್ತಿದ್ರಿ ಅಂತ ಜಗಳಕ್ಕೇ ಬರುತ್ತಾರೆ. ಉದಾರಿಗಳ ಪಕ್ಷಕ್ಕೆ ಡ್ರೋನೂ ಬೇಕು, ಸೋಲಾರೂ ಬೇಕು. ಮಾತೆತ್ತಿದರೆ ಕ್ಯಾಲಿಫೋರ್ನಿಯಾದ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ಬು, 1975ರ ಮಾರ್ಚು, ಯಾರದೋ ಗ್ಯಾರೇಜು, ಅಲ್ಲಿಗೆ ಬರುತ್ತಿದ್ದ, ಆಮೇಲೆ ಆಪಲ್ ಕಟ್ಟಿದವರಲ್ಲೊಬ್ಬನಾದ ವೋಜ್ನಿಯಾಕ್. ಆ ಜನ ಮೊದಲು ಸೇರಿದ್ದು ಆಲ್ಟೇರ್ 8800 ಅನ್ನುವ ಒಂದೇ ಒಂದು ಯಂತ್ರದ ಕುತೂಹಲಕ್ಕೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ.

ಉದಾರಿಗಳ ಕೈ ಮೇಲಾಗಿದ್ದ ಒಂದು ಭಾನುವಾರ, ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದ ರಾಯರು ಹಳೇ ಪಂಚೆಯಲ್ಲಿ ಸುತ್ತಿದ ವಾಲ್ವ್ ರೇಡಿಯೋ ಒಂದನ್ನು ಆಟೋದಲ್ಲಿ ತಂದಿಳಿಸಿದರು. ಅವತ್ತಿನ ವಿಷಯ ಡೆಬಿಯನ್ ಅನ್ನುವ ಡಿಸ್ಟ್ರೋವನ್ನು, ಅಂದರೆ ಲಿನಕ್ಸಿನ ಒಂದು ಬಗೆಯನ್ನು, ಕಂಪ್ಯೂಟರಿಗೆ ಹಾಕುವುದು. ಪ್ರೊಜೆಕ್ಟರ್ ಆಗಲೇ ಉರಿಯುತ್ತಿತ್ತು. "ಇದೂ ತಂತ್ರಜ್ಞಾನ ತಾನೇ?" ಅಂದರು ರಾಯರು. ಇಲ್ಲ ಅನ್ನುವ ಧೈರ್ಯ ಯಾರಿಗಿದೆ? ಹಿಂದಿನ ಹಲಗೆ ಬಿಚ್ಚಿದರೆ ಒಳಗೆಲ್ಲ ಜೇಡರ ಬಲೆ, ಇಲಿ ಕಡಿದ ವೈರು, ಮೇಣ ಸುರಿಸಿಕೊಂಡು ಕೂತ ಪೇಪರ್ ಕೆಪಾಸಿಟರು. "ಸ್ವಿಚ್ ಆಫ್ ಆಗಿದ್ರೂ ಇದರೊಳಗೆ ಕರೆಂಟ್ ನಿಂತಿರುತ್ತೆ ಕಣ್ರಪ್ಪಾ. ಒಂದು ಕೈ ಯಾವಾಗ್ಲೂ ಜೇಬಲ್ಲಿರ್ಲಿ," ಅಂದರು. ಹುಡುಗರೆಲ್ಲ ಭಕ್ತಿಯಿಂದ ಜೇಬಿಗೆ ಕೈ ಹಾಕಿ ನಿಂತರು. ಬೆಸುಗೆಯಾಯಿತು. ವಾಲ್ವುಗಳು ನಿಧಾನಕ್ಕೆ ಕೆಂಪಗಾದವು, ಸುಟ್ಟ ಧೂಳಿನ ವಾಸನೆ ಬಂತು, ಗುಂಯ್ ಅಂತ ಸದ್ದು. ಮುಳ್ಳು 612ರ ಹತ್ತಿರ ಬಂದಾಗ ಬೆಂಗಳೂರು ಆಕಾಶವಾಣಿ ಗಂಟಲು ಸರಿಮಾಡಿಕೊಂಡಿತು. ಮಡಿವಂತರೂ ಚಪ್ಪಾಳೆ ತಟ್ಟಿದರು.

ಅಲ್ಲಿಗೆ ಮುಗಿಯಲಿಲ್ಲ. ರಾಯರಿಗೆ 1935 ನೆನಪಾಯಿತು. ಇದೇ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ರೇಡಿಯೋ ಕೇಂದ್ರ ಶುರುಮಾಡಿದ್ದು. "ಸೈಕಾಲಜಿ ಪ್ರೊಫೆಸರ್ರು ಕಣ್ರೀ! ಮಹಾರಾಜ ಕಾಲೇಜಲ್ಲಿ ಪಾಠ, ಮನೇಲಿ ಟ್ರಾನ್ಸ್‌ಮಿಟರ್ರು!" ಆ ಕೇಂದ್ರದ ಆಕಾಶವಾಣಿ ಅನ್ನುವ ಹೆಸರೇ ಆಮೇಲೆ ಇಡೀ ದೇಶದ ರೇಡಿಯೋಗೆ ಬಂತು. ಅವರೇನಾದರೂ ಇವತ್ತು ನಮ್ಮ ಬಾಗಿಲಿಗೆ ಬಂದರೆ ಮಡಿವಂತರು ಮೊದಲು ಕೇಳುವುದು, "ಯಾವ ಡಿಸ್ಟ್ರೋ ಸಾರ್?"

ಹಾಗಂತ ನಾನು ಉದಾರಿಗಳ ಪಕ್ಷವೂ ಅಲ್ಲ. ಅವತ್ತು ಡೆಬಿಯನ್ ಹಾಕಿಸಿಕೊಳ್ಳಲು ನಂಜನಗೂಡಿನಿಂದ ಬಸ್ಸಿನಲ್ಲಿ ಬಂದಿದ್ದ ಹುಡುಗಿಯೊಬ್ಬಳು ಲ್ಯಾಪ್‌ಟಾಪನ್ನು ಮಡಿಲಲ್ಲಿಟ್ಟುಕೊಂಡು, ಪೆನ್‌ಡ್ರೈವನ್ನು ಬೆರಳಲ್ಲಿ ತಿರುಗಿಸುತ್ತಾ ಊಟದ ಹೊತ್ತಿನವರೆಗೂ ಕೂತಿದ್ದಳು. ಆಮೇಲೆ ಎದ್ದುಹೋದಳು. ಮತ್ತೆ ಬರಲಿಲ್ಲ. ಮುಂದಿನ ವಾರ ಬಂದದ್ದು ಒಂದು ಮಿಕ್ಸಿ, ಒಂದು ಇಸ್ತ್ರಿಪೆಟ್ಟಿಗೆ. ಅದರ ಮುಂದಿನ ವಾರ ಟೈ ಕಟ್ಟಿಕೊಂಡು ಬಂದು, ದುಡ್ಡು ಡಬಲ್ ಆಗುವ ಕ್ರಿಪ್ಟೋ ಸ್ಕೀಮನ್ನು ನಮ್ಮದೇ ಪ್ರೊಜೆಕ್ಟರಿನಲ್ಲಿ ತೋರಿಸಿದ ಮಹಾನುಭಾವ. "ಇದೂ ಟೆಕ್ನಾಲಜಿನೇ" ಅಂದ ಅವನಿಗೆ ಟೀ ಕೊಟ್ಟವರ ಮೇಲೆ ನನಗಿನ್ನೂ ಸಿಟ್ಟಿದೆ.

ಮೊದಲರ್ಧ ಲಿನಕ್ಸ್, ಉಳಿದರ್ಧ ಏನಾದರೂ ಇರಲಿ ಅಂತ ಒಬ್ಬರು ರಾಜಿ ಸೂತ್ರ ತಂದರು. ಟೀ ಯಾವ ಅರ್ಧಕ್ಕೆ ಸೇರಬೇಕು ಅನ್ನುವಲ್ಲಿ ಅದು ಮುರಿದುಬಿತ್ತು. ಈಗ ಉಪಸಮಿತಿಯಾಗಿದೆ.

ಮೊನ್ನೆ ರಾಯರು ಫೋನ್ ಮಾಡಿ, ಅಟ್ಟದಲ್ಲಿ ಗ್ರಾಮಫೋನ್ ಸಿಕ್ಕಿದೆ, ಭಾನುವಾರ ತರಲೇ ಅಂದರು. ಬೇಡ, ಶನಿವಾರ ಸಂಜೆ ನಮ್ಮ ಮನೆಗೇ ತಂದುಬಿಡಿ ಅಂದೆ. ಅದು ಹೇಗೆ ಸುದ್ದಿಯಾಯಿತೋ, ಮಡಿವಂತರಲ್ಲಿ ಇಬ್ಬರು ತಾವೂ ಬರುತ್ತೇವೆ ಅಂದಿದ್ದಾರೆ. ಉಪಸಮಿತಿಗೆ ಹೇಳಬೇಡಿ ಅಂತಲೂ ಅಂದಿದ್ದಾರೆ.