ಹದಿನಾಲ್ಕು ಕಿಲೋ ನಾಣ್ಯ, ಎರಡು ರೂಪಾಯಿ ಚಿಲ್ಲರೆ

"ಎರಡು ರೂಪಾಯಿ ಚಿಲ್ಲರೆ ಕೊಡಿ" ಎಂದರು ಕಂಡಕ್ಟರ್.

ತಿಪಟೂರಿನಿಂದ ಬೆಂಗಳೂರಿಗೆ ಹೊರಡುವ ನಸುಕಿನ ಬಸ್ಸು. ಜೇಬು ತಡಕಿದೆ, ಐನೂರರ ನೋಟುಗಳಿದ್ದವು, ನೂರರದ್ದು ಎರಡಿದ್ದವು, ಚಿಲ್ಲರೆ ಇರಲಿಲ್ಲ. ನನ್ನ ಕಾಲ ಬಳಿಯ ಚೀಲ ಓಡಾಡುವ ದಾರಿಗೆ ಅಡ್ಡವಾಗಿತ್ತು. ಅವರು ಅದನ್ನು ಬೂಟಿನ ತುದಿಯಿಂದ ಒಳಕ್ಕೆ ತಳ್ಳಲು ನೋಡಿದರು. ಚೀಲ ಅಲುಗಲಿಲ್ಲ, ಕಂಡಕ್ಟರ್ ಅಲುಗಿದರು.

"ಏನು ಸ್ವಾಮಿ ಇದರಲ್ಲಿ? ಕಬ್ಬಿಣವೇ?"

"ನಾಣ್ಯ."

"ಎಷ್ಟಿದೆ?"

"ಹದಿನಾಲ್ಕು ಕಿಲೋ."

ಅವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. ಆಮೇಲೆ ನೂರರ ನೋಟೊಂದನ್ನು ಕಿಸೆಗೆ ಹಾಕಿಕೊಂಡು, ಟಿಕೆಟಿನ ಬೆನ್ನಿಗೆ ಬಾಕಿ ಗೀಚಿಕೊಟ್ಟು, ಹಿಂದಿನ ಸೀಟಿನವರಿಗೂ ಕೇಳುವಂತೆ, "ಹದಿನಾಲ್ಕು ಕಿಲೋ ನಾಣ್ಯ ಇಟ್ಟುಕೊಂಡವರ ಹತ್ತಿರವೇ ಎರಡು ರೂಪಾಯಿ ಇಲ್ಲವೆಂದರೆ, ನಾವು ಯಾರನ್ನು ಕೇಳುವುದು?" ಎಂದರು.

ನ್ಯಾಯವಾದ ಪ್ರಶ್ನೆ. ಊರಿನಲ್ಲಿ ನನ್ನದು ನೋಟುಬುಕ್ಕು, ಪೆನ್ನಿನ ಅಂಗಡಿ. ಹಳೆಯ ನಾಣ್ಯಗಳ ವ್ಯಾಪಾರ ಅದರ ಬೆನ್ನಿಗೆ ಅಂಟಿಕೊಂಡ ಚಟ. ವರ್ಷಕ್ಕೆ ಒಂದೆರಡು ಸಲ ಬೆಂಗಳೂರಿನ ನಾಣ್ಯ ಮೇಳದಲ್ಲಿ ಟೇಬಲ್ ಹಿಡಿಯುತ್ತೇನೆ. ಚೀಲ ಭಾರವಾಗದೆ ಇನ್ನೇನು? ಬ್ರಿಟಿಷರ ಕಾಲದ ಒಂದು ಬೆಳ್ಳಿ ರೂಪಾಯಿ ಸರಿಯಾಗಿ ಒಂದು ತೊಲ, ಅಂದರೆ 11.66 ಗ್ರಾಂ ತೂಗುತ್ತದೆ. ನೂರು ರೂಪಾಯಿ ಹಾಕಿದರೆ ಕಿಲೋ ದಾಟಿತು. ಆ ಮೇಲೆ ತಾಮ್ರ, ಕಂಚು, ನಿಕ್ಕಲ್, ಆಲ್ಬಮ್ಮುಗಳು, ಭೂತಗನ್ನಡಿ, ನೀಲಿ ಮಖಮಲ್ಲಿನ ಹಾಸು, ಮನೆಯವಳು ಕಟ್ಟಿಕೊಟ್ಟ ಚಿತ್ರಾನ್ನ.

ಮೇಳದ ಸಭಾಂಗಣದಲ್ಲಿ ಟೇಬಲ್ಲುಗಳಿಗೂ ಜಾತಿಯಿದೆ. ಬಾಗಿಲಿನ ಎದುರಿನ ಸಾಲು ದೊಡ್ಡವರದು: ಗಾಜಿನ ಪೆಟ್ಟಿಗೆ, ಒಳಗೆ ಪುಟ್ಟ ದೀಪ, ಪಕ್ಕದಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ, ಕಾಫಿ ತಂದುಕೊಡಲು ಒಬ್ಬ ಹುಡುಗ. ನನ್ನದು ಕಂಬದ ಹಿಂದೆ, ಕೈ ತೊಳೆಯುವ ನಲ್ಲಿಯ ಮುಂದೆ. ಜನ ನನ್ನ ಟೇಬಲ್ಲಿನ ಬಳಿ ಬರುವುದೇನೋ ನಿಜ, ಆದರೆ ಕೈ ಒದ್ದೆ ಇರುತ್ತದೆ. ತಲೆಯ ಮೇಲೊಂದು ಫ್ಯಾನು. ಹಾಕಿದರೆ ಒಂದು ರೂಪಾಯಿ ನೋಟುಗಳು ಹಾರುತ್ತಿದ್ದವು, ನಿಲ್ಲಿಸಿದರೆ ನಾನು ಬೇಯುತ್ತಿದ್ದೆ. ಒಂದು ರೂಪಾಯಿ ನೋಟಿಗೆ ರಿಸರ್ವ್ ಬ್ಯಾಂಕಿನ ಗವರ್ನರ್ ಅಲ್ಲ, ಕೇಂದ್ರದ ಹಣಕಾಸು ಕಾರ್ಯದರ್ಶಿ ಸಹಿ ಹಾಕುತ್ತಾರೆ. ಅಂಥ ಕಾರ್ಯದರ್ಶಿಗಳ ಆರು ಸಹಿಗಳನ್ನು ಆ ದಿನ ನಲ್ಲಿಯ ಕೆಳಗಿನಿಂದ ಆರಿಸಿ ತಂದಿದ್ದೇನೆ.

ಬೋಣಿ ಮಾಡಿದವರು ನಿವೃತ್ತ ಮೇಷ್ಟರಂತಿದ್ದ ಹಿರಿಯರು. ಅರ್ಧ ಗಂಟೆ ಹುಡುಕಿ, ಇಪ್ಪತ್ತು ರೂಪಾಯಿಯ ಒಂದು 'ನಯಾ ಪೈಸೆ' ಆರಿಸಿ, ಐನೂರರ ನೋಟು ಚಾಚಿದರು. ಕ್ಯೂಆರ್ ಹಲಗೆ ತೋರಿಸಿದೆ. ಆದರೆ ಆ ಸಭಾಂಗಣದಲ್ಲಿ ನೆಟ್‌ವರ್ಕ್ ಬಾಗಿಲವರೆಗೆ ಬಂದು ಚಪ್ಪಲಿ ಬಿಟ್ಟಲ್ಲಿಯೇ ನಿಂತುಬಿಡುತ್ತಿತ್ತು. ಹೊರಗೆ ಹೋಗಿ ಹಣ ಕಳಿಸಿ ಬನ್ನಿ ಎನ್ನಬಹುದಿತ್ತು. ಹಾಗೆ ಹೋದ ಗಿರಾಕಿ ತಿರುಗಿ ಬಂದ ಉದಾಹರಣೆ ನನ್ನ ಅನುಭವದಲ್ಲಿ ಇಲ್ಲ. ಬೋಣಿಯನ್ನು ಬಿಡಬಾರದು. ಉಳಿದಿದ್ದ ಒಂದು ನೂರರ ನೋಟು ಕೈಯಲ್ಲಿ ಹಿಡಿದು ಪಕ್ಕದ ಟೇಬಲ್ಲಿಗೆ ಹೋದೆ.

ಪಕ್ಕದವರು ಹುಬ್ಬಳ್ಳಿ ಕಡೆಯವರು, ಇಪ್ಪತ್ತು ವರ್ಷದ ಪರಿಚಯ. "ಐನೂರಕ್ಕೆ ಚಿಲ್ಲರೆ ಇದೆಯೇ?" ಎಂದೆ. ಅವರ ಮುಂದೆ ಶಾತವಾಹನರ ಸೀಸದಿಂದ ಹಿಡಿದು ಆರನೆಯ ಜಾರ್ಜನ ನಿಕ್ಕಲ್ಲಿನವರೆಗೆ ಏನಿಲ್ಲವೆಂದರೂ ಮೂರು ಸಾವಿರ ನಾಣ್ಯಗಳಿದ್ದವು.

"ಚಿಲ್ಲರೆ ಇಲ್ಲ ಯಜಮಾನರೇ" ಎಂದರು. ಆಮೇಲೆ ದನಿ ತಗ್ಗಿಸಿ, "ಏನಾದರೂ ತೆಗೆದುಕೊಂಡರೆ ಬಾಕಿ ಕೊಡಬಹುದು" ಎಂದರು.

ತೆಗೆದುಕೊಂಡೆ. ನಲವತ್ತರಂತೆ ಮೂರು ತೂತು ಕಾಸು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲೋಹ ಉಳಿಸಲೆಂದು 1943ರಿಂದ ನಡುವೆ ತೂತು ಹೊಡೆದು ಅಚ್ಚು ಹಾಕಿದ ಕಾಸುಗಳಿವು. ನನ್ನ ಮನೆಯಲ್ಲಿ ದಾರಕ್ಕೆ ಪೋಣಿಸಿದ ಇನ್ನೂರು ಈಗಾಗಲೇ ಇವೆ. ಐನೂರರಲ್ಲಿ ನೂರಿಪ್ಪತ್ತು ಹೋಗಿ ಮುನ್ನೂರೆಂಬತ್ತು ಬಂತು. ನನ್ನ ನೂರು ಸೇರಿಸಿ ಮೇಷ್ಟರಿಗೆ ನಾನೂರೆಂಬತ್ತು ಎಣಿಸಿಕೊಟ್ಟೆ. ಇಪ್ಪತ್ತು ರೂಪಾಯಿ ವ್ಯಾಪಾರಕ್ಕೆ ನೂರಿಪ್ಪತ್ತು ಖರ್ಚು. ಬ್ರಿಟಿಷರು ಲೋಹ ಉಳಿಸಲು ಹೊಡೆದ ತೂತು ನನ್ನ ಜೇಬಿಗೆ ಬಿತ್ತು.

ಹತ್ತು ನಿಮಿಷದಲ್ಲಿ ಹುಬ್ಬಳ್ಳಿಯವರೇ ಐನೂರರ ನೋಟು ಹಿಡಿದು ನನ್ನ ಮುಂದೆ ನಿಂತರು. ನಾನೂ ಅದೇ ಮಾತು ಹೇಳಿದೆ. ಅವರು ಎರಡು ಬಿಲ್ಲೆ ಕೊಂಡು ನೋಟು ಮುರಿಸಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಇಡೀ ಸಭಾಂಗಣದ ವಹಿವಾಟು ಹೀಗೆಯೇ ನಡೆಯುತ್ತಿತ್ತೆಂದು ನನ್ನ ಗುಮಾನಿ. ಹೊರಗಿನ ಗಿರಾಕಿಗಳು ನೋಡುತ್ತಿದ್ದರು, ನಾವು ನಾವೇ ಚಿಲ್ಲರೆಗಾಗಿ ಒಬ್ಬರನ್ನೊಬ್ಬರು ಉದ್ಧಾರ ಮಾಡುತ್ತಿದ್ದೆವು.

ನೋಡಲು ಬಂದವರ ಬಗ್ಗೆಯೂ ಹೇಳಬೇಕು. ವೈಷ್ಣೋದೇವಿಯ ಚಿತ್ರವಿರುವ 2012ರ ಐದು ರೂಪಾಯಿ ನಾಣ್ಯಕ್ಕೆ ಹತ್ತು ಲಕ್ಷ ಬರುತ್ತದೆಂದು ಮೊಬೈಲಿನಲ್ಲಿ ನೋಡಿಬಂದವರು ನಾಲ್ಕು ಮಂದಿ. ಹಳೆಯ ನಾಣ್ಯ, ನೋಟು ಕೊಳ್ಳುತ್ತೇವೆಂದು ತನ್ನ ಹೆಸರಿನಲ್ಲಿ ಮೋಸ ಮಾಡುವವರಿದ್ದಾರೆ, ಜೋಕೆ ಎಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಹೇಳಿದೆ ಎಂದರೆ, ಅವರು ನನ್ನನ್ನೇ ಆ ಮೋಸಗಾರರಲ್ಲಿ ಒಬ್ಬನೆಂಬಂತೆ ನೋಡಿ ನಾಣ್ಯವನ್ನು ಕಿಸೆಗೆ ಸೇರಿಸಿಕೊಂಡರು. ಇನ್ನೊಬ್ಬರು 1919ರ ಬೆಳ್ಳಿ ರೂಪಾಯಿ ತಂದು 'ಹಂದಿ ರೂಪಾಯಿ' ಎಂದು ಹಟ ಹಿಡಿದರು. ಐದನೆಯ ಜಾರ್ಜನ ನಿಲುವಂಗಿಯ ಮೇಲಿನ ಆನೆಗೆ ಸೊಂಡಿಲು ಗಿಡ್ಡವಾಗಿ ಹಂದಿಯಂತೆ ಕಂಡದ್ದು 1911ರ ನಾಣ್ಯದಲ್ಲಿ. ಗಲಾಟೆಯಾದ ಮೇಲೆ ಮರುವರ್ಷವೇ ಸೊಂಡಿಲು ತಿದ್ದಿದರು. ಇದನ್ನು ವಿವರಿಸಿ ಭೂತಗನ್ನಡಿ ಕೊಟ್ಟರೆ, "ನನಗೆ ಹಂದಿಯೇ ಕಾಣುತ್ತಿದೆ" ಎಂದರು. ಭಾವವಿದ್ದಂತೆ ದೇವರು.

ಈಗ ಅಕ್ಕಿಯ ವಿಷಯ.

ನನ್ನ ಟೇಬಲ್ಲಿಗೆ ಒಂದು ಆಕರ್ಷಣೆ ಇರಲೆಂದು ತಾತನ ಕಾಲದಿಂದ ಮನೆಯಲ್ಲಿರುವ ಒಂದು ಕಂಠೀರವ ಹಣವನ್ನು ಒಯ್ಯುತ್ತೇನೆ. ಮಾರಲು ಅಲ್ಲ, ತೋರಿಸಲು. ಹದಿನೇಳನೆಯ ಶತಮಾನದಲ್ಲಿ ಮೈಸೂರನ್ನು ಆಳಿದ ಕಂಠೀರವ ನರಸರಾಜ ಒಡೆಯರ ಹೆಸರಿನ ಚಿನ್ನದ ನಾಣ್ಯ, ಮೇಲೆ ನರಸಿಂಹ. ಆದರೆ ಗಾತ್ರ? ಒಡೆದ ತೊಗರಿಬೇಳೆಯಷ್ಟು. ಅರ್ಧ ಗ್ರಾಂ ಕೂಡ ತೂಗುವುದಿಲ್ಲ. ಉಸಿರು ಬಿಗಿಹಿಡಿದು ನೋಡಬೇಕು. ಕಾಲೇಜಿನ ಉಪನ್ಯಾಸಕಿಯೊಬ್ಬರು ಆಸೆಪಟ್ಟರೆಂದು ಅದನ್ನು ಡಬ್ಬಿಯಿಂದ ಚಿಮುಟದಲ್ಲಿ ತೆಗೆದು ಮಖಮಲ್ಲಿನ ಮೇಲಿಟ್ಟೆ. ಅವರು ಭೂತಗನ್ನಡಿ ಹಿಡಿದು ಬಗ್ಗಿದರು.

ಅಷ್ಟರಲ್ಲಿ ಬಿಳಿ ಪಂಚೆಯ ಒಬ್ಬರು ನನ್ನ ಕಿವಿಯ ಬಳಿ ಬಾಗಿ, "ಎಳೆಯುವುದು ಇದೆಯೇ?" ಎಂದರು.

"ಏನನ್ನು ಎಳೆಯುವುದು?"

"ಅಕ್ಕಿ."

ಹಳೆಯ ತಾಮ್ರದ ನಾಣ್ಯ ಅಕ್ಕಿಯನ್ನು ತನ್ನತ್ತ ಎಳೆಯುತ್ತದೆ, ಅದರಲ್ಲಿ ಇರಿಡಿಯಮ್ ಇದೆ, ಅದಕ್ಕೆ ಕೋಟಿಗಟ್ಟಲೆ ಬೆಲೆ ಎಂಬ ಕಥೆ ನಮ್ಮ ಕಡೆ ಎಷ್ಟು ಮನೆ ಮುಳುಗಿಸಿದೆಯೋ. ಅಕ್ಕಿಗೆ ಕಬ್ಬಿಣದ ಪುಡಿ ಮೆತ್ತಿ, ಪಾತ್ರೆಯೊಳಗೆ ಆಯಸ್ಕಾಂತ ಅಡಗಿಸಿ ಆಟ ತೋರಿಸುವವರನ್ನು ಪೊಲೀಸರು ಹಿಡಿಯುತ್ತಲೇ ಇರುತ್ತಾರೆ. ಅದನ್ನೇ ಹೇಳಿದೆ. ಅವರು ಮುಗುಳ್ನಕ್ಕು, "ಪರೀಕ್ಷೆ ಮಾಡಿದರೆ ತಿಳಿಯುತ್ತದಲ್ಲ" ಎಂದು ಜೇಬಿನಿಂದ ಪೊಟ್ಟಣ ತೆಗೆದು, ಮದುಮಕ್ಕಳಿಗೆ ಅಕ್ಷತೆ ಹಾಕುವಂತೆ ಒಂದು ಹಿಡಿ ಅಕ್ಕಿಯನ್ನು ನನ್ನ ಟೇಬಲ್ಲಿನ ಮೇಲೆ ಎರಚಿಯೇಬಿಟ್ಟರು. ಯಾವ ನಾಣ್ಯವೂ ಏನನ್ನೂ ಎಳೆಯಲಿಲ್ಲ. ನನ್ನ ಪಿತ್ತ ಮಾತ್ರ ನೆತ್ತಿಗೇರಿತು. "ಎದ್ದು ಹೋಗಿ ಸ್ವಾಮಿ" ಎನ್ನುತ್ತಾ ಅಂಗೈಯಿಂದ ಅಕ್ಕಿಯನ್ನೆಲ್ಲ ಅಂಚಿಗೆ ಗೋರಿದೆ. ಗೋರಿ ಮುಗಿದ ಮೇಲೆ ಉಪನ್ಯಾಸಕಿ ಭೂತಗನ್ನಡಿಯಿಂದ ಕಣ್ಣೆತ್ತಿ ಮೆಲ್ಲಗೆ ಕೇಳಿದರು: "ಸರ್, ನರಸಿಂಹ ಎಲ್ಲಿ?"

"ಅಯ್ಯೋ, ನನ್ನ ಹಣ ಹೋಯಿತು!" ಎಂದು ಕೂಗಿಬಿಟ್ಟೆ.

ಇಡೀ ಸಭಾಂಗಣ ಒಮ್ಮೆಲೇ ಜೇಬು ಮುಟ್ಟಿಕೊಂಡಿತು. ಕಾವಲಿನವನು ಓಡಿಬಂದ.

"ಎಷ್ಟು ಹಣ ಸಾರ್?"

"ಒಂದು."

"ಒಂದು ಲಕ್ಷವೇ?"

"ಅಲ್ಲಪ್ಪ, ಒಂದು ಹಣ."

"ಅದೇ, ಒಂದು ಎಂದರೆ ಎಷ್ಟು ಸಾರ್?"

ಹಣವೆಂಬುದೇ ಒಂದು ನಾಣ್ಯದ ಹೆಸರು, ಹತ್ತು ಹಣಕ್ಕೆ ಒಂದು ವರಹ ಎಂದು ಲೆಕ್ಕವಿತ್ತು, ದುಡ್ಡಿಗೆಲ್ಲ ಹಣ ಎನ್ನುವುದು ಆ ಮೇಲಿನ ರೂಢಿ ಎಂದು ಅವನಿಗೆ ವಿವರಿಸುವ ಹೊತ್ತೇ ಅದು? ವಿವರಿಸಿದೆ. ಚಟ. ಅವನು ಪೂರ್ತಿ ಕೇಳಿಸಿಕೊಂಡು, "ಹಾಗಾದರೆ ಪರ್ಸ್ ಹೋಗಿಲ್ಲ ತಾನೇ?" ಎಂದು ನೆಮ್ಮದಿಯಿಂದ ಬಾಗಿಲಿಗೆ ಮರಳಿದ.

ಮುಂದಿನ ಮುಕ್ಕಾಲು ಗಂಟೆ ಹುಬ್ಬಳ್ಳಿಯವರು, ಉಪನ್ಯಾಸಕಿ, ನಾನು ಮತ್ತು ಒಬ್ಬ ಪರಿಚಯವಿಲ್ಲದ ಹುಡುಗ ಮೊಬೈಲ್ ಟಾರ್ಚ್ ಹಿಡಿದು ಟೇಬಲ್ಲಿನ ಕೆಳಗೆ ಮಂಡಿಯೂರಿ ತೆವಳಿದೆವು. ಸಿಕ್ಕಿದ್ದು: ಅಕ್ಕಿ, ಒಂದು ಸ್ಟೇಪಲ್ ಪಿನ್ನಿನ ಪೆಟ್ಟಿಗೆ, 25 ಪೈಸೆಯ ಎರಡು ನಾಣ್ಯ (2011ರ ಜೂನ್ 30ರಿಂದ ಅದಕ್ಕೆ ಚಲಾವಣೆಯೂ ಇಲ್ಲ) ಮತ್ತು ಹಣಕಾಸು ಕಾರ್ಯದರ್ಶಿಯ ಏಳನೆಯ ಸಹಿ. ನರಸಿಂಹ ಸಿಗಲಿಲ್ಲ. ಕಂಬದ ಪಕ್ಕದಲ್ಲಿಯೇ ಟೇಬಲ್ ಇದ್ದುದರಿಂದ ಹುಬ್ಬಳ್ಳಿಯವರು ಒಂದು ಸಲ ಕಂಬವನ್ನೂ ತಟ್ಟಿ ನೋಡಿದರು, ಪಾಪ.

ಮನಸ್ಸು ಕೆಟ್ಟಿತ್ತು. ನಾಲ್ಕೂವರೆಗೆ ಮತ್ತೊಂದು ಐನೂರಕ್ಕೆ ಚಿಲ್ಲರೆ ಹುಡುಕುತ್ತಾ ಮುಂದಿನ ಸಾಲಿಗೆ ಹೋದೆ. ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ, ದೀಪದ ಕೆಳಗೆ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಒಂದು ಮಯಿಲಿ ಕಾಸು. ಸೂರ್ಯ ಚಂದ್ರರ ಕೆಳಗೆ ಆನೆ, ಅಂಚು ತುಂಬಿದ ಅಚ್ಚು, ಕಾಫಿ ಪುಡಿಯ ಬಣ್ಣದ ತಾಮ್ರ. ಬೆಳಿಗ್ಗೆಯಷ್ಟೇ ಇಂಥದೊಂದನ್ನು ಮುನ್ನೂರೈವತ್ತಕ್ಕೆ ಒಬ್ಬ ಹುಡುಗನಿಗೆ ಮಾರಿದ್ದೆ. ಇದರ ಮುಂದೆ ಅದು ಯಾವ ಲೆಕ್ಕ ಎನಿಸಿತು. ಸಾವಿರದಿನ್ನೂರು ಹೇಳಿದರು. ಎಂಟುನೂರಕ್ಕೆ ಇಳಿಸಿದೆ. ದಿನವಿಡೀ ಮಾಡಿದ ವ್ಯಾಪಾರದಲ್ಲಿ ಇದೊಂದು ಗೆಲುವು ಎಂದುಕೊಂಡು ಕಿಸೆಗೆ ಇಳಿಸಿದೆ.

ಆರು ಗಂಟೆಗೆ ಲೈಟು ಆರಿಸತೊಡಗಿದರು. ಒಪ್ಪವಾಗಿ ಜೋಡಿಸುವ ಉತ್ಸಾಹ ಯಾರಿಗಿತ್ತು? ಆಲ್ಬಮ್ಮುಗಳನ್ನು ತುರುಕಿ, ಮಖಮಲ್ಲಿನ ಹಾಸನ್ನು ನಾಲ್ಕು ಮೂಲೆ ಸೇರಿಸಿ ಗಂಟು ಕಟ್ಟಿ ಚೀಲಕ್ಕೆ ತಳ್ಳಿದೆ.

ಬಸ್ಸು ನೆಲಮಂಗಲ ದಾಟಿದ ಮೇಲೆ ಮಯಿಲಿ ಕಾಸನ್ನು ಇನ್ನೊಮ್ಮೆ ನೋಡುವ ಆಸೆಯಾಯಿತು. ಟಾರ್ಚ್ ಹಾಕಿದೆ. ಆನೆ ಚೆನ್ನಾಗಿಯೇ ಇತ್ತು. ರಟ್ಟಿನ ಹೋಲ್ಡರನ್ನು ತಿರುಗಿಸಿದೆ. ಮೂಲೆಯಲ್ಲಿ ಪೆನ್ಸಿಲಿನಲ್ಲಿ ಸಣ್ಣಗೆ 'ಖಜ0' ಎಂದು ಬರೆದಿತ್ತು.

ಕೊಂಡ ಬೆಲೆ ಗಿರಾಕಿಗೆ ತಿಳಿಯಬಾರದೆಂದು ವ್ಯಾಪಾರಿಗಳು ಗುಟ್ಟಿನ ಅಕ್ಷರ ಇಟ್ಟುಕೊಳ್ಳುತ್ತಾರೆ. ನನ್ನದು ಸುಲಭ: ಕ ಎಂದರೆ ಒಂದು, ಖ ಎಂದರೆ ಎರಡು, ಹೀಗೆ ಸಾಗಿ ಜ ಎಂದರೆ ಎಂಟು. ಈ ಗುಟ್ಟು ಲೋಕದಲ್ಲಿ ಗೊತ್ತಿರುವುದು ನನಗೊಬ್ಬನಿಗೆ. ಇನ್ನೂರೆಂಬತ್ತಕ್ಕೆ ಕೊಂಡು, ಮುನ್ನೂರೈವತ್ತಕ್ಕೆ ಮಾರಿ, ಎಂಟುನೂರಕ್ಕೆ ಮರಳಿ ಕೊಂಡಿದ್ದೆ. ಎಪ್ಪತ್ತು ರೂಪಾಯಿ ಲಾಭವಾಯಿತೆಂದು ಬೆಳಿಗ್ಗೆ ಕುಡಿದ ಕಾಫಿಯ ಖರ್ಚು ಬೇರೆ. ದೀಪದ ಕೆಳಗೆ ಇಟ್ಟರೆ ನನ್ನ ಆನೆಯೂ ಅಷ್ಟು ಚಂದ ಕಾಣುತ್ತದೆಂದು ನನಗೇನು ಗೊತ್ತು?

ಮನೆ ಸೇರಿದಾಗ ಹನ್ನೊಂದು. ಚೀಲವನ್ನು ಒಳಕ್ಕೆ ಎಳೆಯಲು ಬಂದ ಮನೆಯವಳು, "ರೀ, ಹೋಗುವಾಗ ಇಷ್ಟು ಭಾರ ಇರಲಿಲ್ಲವಲ್ಲ?" ಎಂದಳು. ಕೇಳಿಸದವನಂತೆ ಮಲಗಿದೆ.

ಬೆಳಿಗ್ಗೆ ಎದ್ದಾಗ ಅವಳು ಹಜಾರದಲ್ಲಿ ಮೊರ ಹಿಡಿದು ಕುಳಿತಿದ್ದಳು. ಒಗೆಯಲೆಂದು ಮಖಮಲ್ಲಿನ ಗಂಟು ಬಿಚ್ಚಿದರೆ ಅಕ್ಕಿ ಸುರಿಯಿತಂತೆ. ಅನ್ನವನ್ನು ಕಸಕ್ಕೆ ಹಾಕುವ ಪೈಕಿಯಲ್ಲ ಅವಳು. ಕೇರಿ, ಒನೆದು, ಹೊಟ್ಟು ಊದಿ, ಕಲ್ಲು ಆರಿಸುತ್ತಿದ್ದಳು.

"ಎಲ್ಲಿಯ ಅಕ್ಕಿಯಪ್ಪ ಇದು, ಕಲ್ಲು ಕೂಡ ಹಳದಿ" ಎಂದು ಏನನ್ನೋ ಉಗುರ ತುದಿಯಲ್ಲಿ ಎತ್ತಿ ಬಾಗಿಲಾಚೆ ಚಿಮ್ಮಲು ಕೈ ಎತ್ತಿದಳು.

ನಾನು ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಅವಳ ಕೈಯ ಮೇಲೆ ಬಿದ್ದೆ. ಉಗುರ ಮೇಲೆ, ಒಂದು ಅಕ್ಕಿಕಾಳಿನ ಪಕ್ಕದಲ್ಲಿ, ನರಸಿಂಹ ಕುಳಿತಿದ್ದ. ಟೇಬಲ್ಲಿನ ಕೆಳಗೆಲ್ಲ ತೆವಳಿದ ನಾವು ನಾಲ್ವರಲ್ಲಿ ಒಬ್ಬರೂ ಮಖಮಲ್ಲಿನ ಮಡಿಕೆಯನ್ನು ಬಿಡಿಸಿ ನೋಡಿರಲಿಲ್ಲ.

"ಚಿನ್ನ ಕಣೇ ಅದು! ಕಂಠೀರವ ಹಣ!" ಎಂದೆ, ಬಾಯ ನೊರೆ ಉಗುಳಿ.

ಅವಳು ಅದನ್ನು ಬೆಳಕಿಗೆ ಹಿಡಿದು ಒಂದು ಕಡೆ ನೋಡಿದಳು, ಇನ್ನೊಂದು ಕಡೆ ನೋಡಿದಳು. ಹೊರಗೆ ಹಾಲಿನವನು ಕ್ಯಾನು ಇಳಿಸಿ ಎರಡನೆಯ ಸಲ ಬೆಲ್ ಮಾಡಿದ.

"ಹಣ ಎನ್ನುತ್ತೀರಲ್ಲ, ಇದನ್ನು ಮುರಿಸಿದರೆ ಅವನಿಗೆ ಕೊಡಲು ಎಂಟು ರೂಪಾಯಿ ಚಿಲ್ಲರೆ ಸಿಗುತ್ತದೆಯೇ?" ಎಂದಳು.