ಬಿಲ್ಡ್ ನಿಧಾನ ಅಂದ್ರೆ ಜೆ ಸಂಖ್ಯೆ ಏರಿಸೋದೊಂದೇ ಮದ್ದಾ?

ಸಾಕಾಗಿ ಹೋಗಿದೆ. ಬಿಲ್ಡ್ (ಸೋರ್ಸ್ ಕೋಡ್‌ನಿಂದ ಪ್ರೋಗ್ರಾಂ ತಯಾರಿಸೋ ಕೆಲಸ) ನಿಧಾನ ಅಂದ ಕೂಡ್ಲೇ ‘-ಜೆ16 ತೆಗೆದು -ಜೆ64 ಹಾಕಿ’, ಅಂದ್ರೆ 16ರ ಬದಲು 64 ಜಾಬ್ ಒಟ್ಟಿಗೆ ಓಡಿಸಿ, ಅನ್ನೋರು ಕೆಲವರು, ‘ಹೊಸ ಮೆಷಿನ್ ತರಿಸಿ’ ಅನ್ನೋರು ಉಳಿದವರು. ಇರೋ ಕೋರ್‌ಗಳು ದುಡೀತಿವೆಯಾ, ಖಾಲಿ ಕೂತಿವೆಯಾ ಅಂತ ನೋಡೋರೇ ಇಲ್ಲ! ಲೋಡ್ ಆವರೇಜ್ (ಓಡ್ತಿರೋ, ಕಾಯ್ತಿರೋ ಪ್ರಾಸೆಸ್‌ಗಳ ಸರಾಸರಿ) 60 ಇದೆ ಅಂತ ವಾದ ಬೇರೆ. ಲಿನಕ್ಸ್‌ನಲ್ಲಿ ಡಿಸ್ಕ್‌ಗೆ ಕಾಯ್ತಾ ನಿಂತಿರೋ ಪ್ರಾಸೆಸ್‌ಗಳೂ ಆ ಲೆಕ್ಕಕ್ಕೆ ಸೇರ್ತವೆ ಸ್ವಾಮಿ, ಅದು ಬರೀ ಸಿಪಿಯು ಕೆಲಸದ ಅಳತೆ ಅಲ್ಲ.

ಬಿಲ್ಡ್ ಓಡ್ತಿರುವಾಗ ಇನ್ನೊಂದು ಟರ್ಮಿನಲ್‌ನಲ್ಲಿ ‘ವಿಎಂಸ್ಟ್ಯಾಟ್ 1’ ಹಾಕಿ ನೋಡಿ, ಸಿಪಿಯು, ಮೆಮೊರಿ ಸ್ಥಿತಿನ ಸೆಕೆಂಡಿಗೊಮ್ಮೆ ತೋರಿಸುತ್ತೆ. ಐಡಲ್ ಕಾಲಂ (ಸಿಪಿಯು ಖಾಲಿ ಕೂತ ಶೇಕಡಾವಾರು) 80, 90 ತೋರಿಸ್ತಾ, ರನ್ ಕ್ಯೂ (ಸಿಪಿಯುನಲ್ಲಿ ಓಡ್ತಿರೋ ಅಥವಾ ಸರದಿ ಕಾಯ್ತಿರೋ ಪ್ರಾಸೆಸ್‌ಗಳು) 1, 2ರಲ್ಲೇ ಇದ್ರೆ ಕೆಲಸವೇ ಕೋರ್‌ಗಳ ತನಕ ಬರ್ತಿಲ್ಲ ಅಂತ. ಆಗ ಜೆ 640 ಕೊಟ್ರೂ ಒಂದೇ. ಬಿಲ್ಡ್ ನಡೆಸೋ ಟೂಲ್ 4.4ಕ್ಕಿಂತ ಹಿಂದಿನ ಗ್ನೂ ಮೇಕ್ ಆದ್ರೆ ಲಾಗ್‌ನಲ್ಲಿ ‘ಜಾಬ್‌ಸರ್ವರ್ ಅನ್‌ಅವೈಲಬಲ್’ ಅನ್ನೋ ಎಚ್ಚರಿಕೆಗೆ ಗ್ರೆಪ್ ಮಾಡಿ (ಹುಡುಕಿ). ಜಾಬ್‌ಸರ್ವರ್ ಅಂದ್ರೆ ಒಟ್ಟಿಗೆ ಓಡೋ ಜಾಬ್‌ಗಳ ಲೆಕ್ಕನ ಎಲ್ಲ ಮೇಕ್‌ಗಳಿಗೂ ಹಂಚೋ ವ್ಯವಸ್ಥೆ. -ಜೆ16 ಅಂದ್ರೆ ಮೇಲಿನ ಮೇಕ್ ಪೈಪ್‌ನಲ್ಲಿ 15 ಟೋಕನ್ (ಒಂದಕ್ಕೆ ಒಂದು ಜಾಬ್) ಇಡುತ್ತೆ, ಹದಿನಾರನೇದು ಅದರ ಸ್ವಂತ ಪಾಲು. ಒಳಗಿನ ಡೈರೆಕ್ಟರಿಗೆ ಹೋಗೋ ರೂಲ್‌ನಲ್ಲಿ ಡಾಲರ್ ಹಾಕಿದ ಮೇಕ್ ವೇರಿಯಬಲ್, ಅಂದ್ರೆ $(MAKE), ಬಿಟ್ಟು ಬರೀ ‘ಮೇಕ್’ ಅಂತ ಬರೆದಿದ್ರೆ ಒಳಗಿನ ಮೇಕ್‌ಗೆ ಆ ಪೈಪ್ ಸಿಗಲ್ಲ. ಅದು ಒಂದೊಂದೇ ಫೈಲ್ ಕಂಪೈಲ್ ಮಾಡ್ತಾ ಕೂರುತ್ತೆ. ಶೆಲ್ ಸ್ಕ್ರಿಪ್ಟ್ ಮೂಲಕ ಕರೆದಿದ್ರೆ ರೆಸಿಪಿ (ರೂಲ್‌ನ ಕಮಾಂಡ್) ಸಾಲಿನ ಮೊದಲಿಗೆ + ಹಾಕ್ಬೇಕು. ಒಂದು ಅಕ್ಷರದ ರಿಪೇರಿ! ಅದಕ್ಕೆ ಹೊಸ ಸರ್ವರ್ ಖರೀದಿ.

ಇದಕ್ಕಿಂತ ಸಿಟ್ಟು ಬರೋದು ಒಳಗಿನ ಮೇಕ್‌ಗೆ -ಜೆ8 ಅಂತ ಗಟ್ಟಿಯಾಗಿ ಬರೆದಿಡೋರ ಮೇಲೆ. ಆಗ ಅದು ಹಂಚಿಕೆ ಬಿಟ್ಟು ತನ್ನದೇ 8 ಜಾಬ್ ಶುರು ಮಾಡುತ್ತೆ. ಹತ್ತು ಡೈರೆಕ್ಟರಿ ಒಟ್ಟಿಗೆ ಓಡಿದ್ರೆ 80 ಕಂಪೈಲರ್. ರ‍್ಯಾಮ್ ಮುಗಿದು ವಿಎಂಸ್ಟ್ಯಾಟ್‌ನ ಸ್ವಾಪ್ (ಮೆಮೊರಿ ಡಿಸ್ಕ್‌ಗೆ ಹೋಗಿಬರೋದು) ಕಾಲಂಗಳು ಸೊನ್ನೆ ಬಿಟ್ಟು ಎದ್ದಾಗ್ಲೂ ಬೈಗುಳ ಸಿಪಿಯುಗೇ.

ಡೀಬಗ್ ಮಾಹಿತಿ ಸೇರಿಸಿ ದೊಡ್ಡ ಬೈನರಿಗಳನ್ನ ಲಿಂಕ್ ಮಾಡುವಾಗ್ಲೂ ಇದೇ ಗತಿ, ಕಂಪೈಲ್ ಆದ ತುಂಡುಗಳನ್ನ ಜೋಡಿಸೋ ಲಿಂಕರ್ ಒಂದೊಂದೂ ಹಲವು ಜಿಬಿ ನುಂಗುತ್ತೆ. ಅದಕ್ಕೆ ಕಂಪೈಲ್ ಜಾಬ್ ಯಾಕ್ರೀ ಕಡಿಮೆ ಮಾಡ್ತೀರಿ? ಮೇಕ್ ಬದಲು ಸಿಮೇಕ್ ಜೊತೆ ನಿಂಜಾ ಅನ್ನೋ ಬಿಲ್ಡ್ ಟೂಲ್ ಬಳಸ್ತಿದ್ರೆ ಲಿಂಕ್‌ಗೆ ಬೇರೆ ಜಾಬ್ ಪೂಲ್ ಮಾಡಿ 2ಕ್ಕೆ ಮಿತಿ ಹಾಕಿ, ಕಂಪೈಲ್ ಪಾಡಿಗೆ ಕಂಪೈಲ್ ಓಡ್ಲಿ.

ಕಂಟೇನರ್ ಒಳಗೆ ಕೋರ್ ಎಷ್ಟು ಅಂತ ಹೇಳೋ ‘ಎನ್‌ಪ್ರಾಕ್’ ಕಮಾಂಡ್‌ನ ಮಾತು ಕಣ್ಣುಮುಚ್ಚಿ ನಂಬಬೇಡಿ. ಕೋಟಾ 4 ಸಿಪಿಯು ಇದ್ರೂ ಅದರ ಹಲವು ಆವೃತ್ತಿಗಳು ಹೋಸ್ಟ್‌ನ 64ನ್ನೇ ಹೇಳ್ತವೆ. ಆ ಕೋಟಾ ಜಾರಿ ಮಾಡೋ ಸಿಗ್ರೂಪ್‌ನ ‘ಸಿಪಿಯು.ಸ್ಟ್ಯಾಟ್’ ಫೈಲ್‌ನಲ್ಲಿ ಥ್ರಾಟಲ್ ಆದ (ಕೋಟಾ ಮುಗಿದು ತಡೆದ) ಸಂಖ್ಯೆ ಏರ್ತಾ ಇದ್ರೆ ಕಳ್ಳ ಅಲ್ಲೇ ಇದ್ದಾನೆ.

ಇದೆಲ್ಲ ಸರಿ ಇದ್ದೂ ನಿಧಾನವಾ? ಕೆಲಸದಲ್ಲಿ ನೂರಕ್ಕೆ 5 ಪಾಲು ಸಾಲಾಗಿಯೇ ನಡೀಬೇಕು ಅಂದ್ರೆ 64 ಕೋರ್‌ನಿಂದ ಸಿಗೋ ವೇಗ ಹೆಚ್ಚೆಂದ್ರೆ 15.4 ಪಟ್ಟು. ನಿಂಜಾ ಲಾಗ್‌ನಲ್ಲಿ ಪ್ರತಿ ಫೈಲ್‌ನ ಆರಂಭ, ಮುಕ್ತಾಯ ಎರಡೂ ಮಿಲಿಸೆಕೆಂಡ್‌ನಲ್ಲಿ ಇರುತ್ತೆ. ಬೇರೆ ಫೈಲ್‌ಗಳಿಗೆ ಬೇಕಾದ ಕೋಡ್ ಬರೆದುಕೊಡ್ತಾ ಎಲ್ಲರನ್ನೂ ಕಾಯಿಸ್ತಿರೋ ಕೋಡ್ ಜನರೇಟರ್ ಯಾವುದು ಅಂತ ಅದನ್ನ ಓದಿ ಹೇಳಿ, ಆಮೇಲೆ ಮೆಷಿನ್ ಕೇಳಿ.