‘ಅದು’ ‘ಅವಳು’ ಆದದ್ದು ಲಾಗೋಸಿನಲ್ಲಿ

“ಡ್ಯಾಡಿ, ಇಟ್ಸ್ ಎ ಗರ್ಲ್ ಓ!”

ಡಾಕ್ಟರಮ್ಮ ಹೀಗಂದಾಗ ನಾನು ಮೊದಲು ನೋಡಿದ್ದು ಬಾಗಿಲ ಕಡೆ. ಯಾರಾದರೂ ಕೇಳಿಸಿಕೊಂಡರಾ ಅಂತ. ಮಂಚದ ಮೇಲೆ ಮಲಗಿದ್ದ ಹೆಂಡತಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಅವಳಿಗೂ ಅದೇ ಭಯ. ನಮ್ಮಿಬ್ಬರ ಮುಖ ನೋಡಿ ಡಾಕ್ಟರಮ್ಮನ ನಗು ಅರ್ಧಕ್ಕೇ ನಿಂತಿತು. ಹೆಣ್ಣು ಅಂದದ್ದಕ್ಕೆ ಬೇಜಾರಾಯಿತು ಅಂದುಕೊಂಡರೋ ಏನೋ. “ನಿಮಗೆ ಈಗಲೇ ಗೊತ್ತಾಗೋದು ಬೇಡವಾಗಿತ್ತಾ?” ಅಂತ ಮೆಲ್ಲಗೆ ಕೇಳಿದರು.

ಹಾಗಲ್ಲ ಮೇಡಂ, ನೀವೀಗ ಹೇಳಿದ ಮಾತು ನಮ್ಮ ದೇಶದಲ್ಲಿ ಅಪರಾಧ, ಡಾಕ್ಟರಿಗೆ ಜೈಲಾಗುತ್ತೆ ಅಂದೆ. ಅವರು ನಂಬಲಿಲ್ಲ. ಪಕ್ಕದಲ್ಲಿದ್ದ ಜೂನಿಯರ್ ಹುಡುಗ ಬಾಯಿಬಿಟ್ಟು ನೋಡಿದ. “ಯಾಕೆ?” ಅಂದರು. ಅದಕ್ಕೆ ಉತ್ತರ ಹೇಳುವಾಗ ನನ್ನ ದನಿ ತಾನಾಗೇ ಇಳಿದುಹೋಯಿತು.

ಇದು 2023ರ ಅಕ್ಟೋಬರ್ ಮಾತು. ನಾವಿರುವುದು ನೈಜೀರಿಯಾದ ಲಾಗೋಸಿನ ಇಲುಪೇಜುವಿನಲ್ಲಿ. ಇಂಡಿಯದವರು ತುಂಬಾ ಇರುವ ಜಾಗ. ಕಾಯಿಲೆ ಕಸಾಲೆ ಅಂದರೆ ನಮ್ಮವರೆಲ್ಲ ಖಾಸಗಿ ಕ್ಲಿನಿಕ್ಕಿಗೇ ಹೋಗೋದು. ನಾವೂ ಅಷ್ಟೇ. ಐದನೇ ತಿಂಗಳ ಸ್ಕ್ಯಾನಿನಲ್ಲಿ ಮಗುವಿನ ಕಿಡ್ನಿಯಲ್ಲಿ ಸ್ವಲ್ಪ ನೀರು ನಿಂತ ಹಾಗಿದೆ ಅಂತ ಕ್ಲಿನಿಕ್ಕಿನವರಿಗೆ ಅನುಮಾನ ಬಂತು. ಟೀಚಿಂಗ್ ಹಾಸ್ಪಿಟಲ್ಲಿಗೆ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸಿ ಅಂತ ಚೀಟಿ ಬರೆದುಕೊಟ್ಟರು. ನಮ್ಮ ಮೆಡಿಕಲ್ ಕಾಲೇಜು ಆಸ್ಪತ್ರೆ ಇದ್ದಂಗೆ ಇಲ್ಲಿ ಟೀಚಿಂಗ್ ಹಾಸ್ಪಿಟಲ್. ದೇಶದ ಮೊದಲನೆಯದು ಇಬಾದಾನ್‌ನಲ್ಲಿ 1957ರಲ್ಲಿ ಶುರುವಾದದ್ದು. ಆಮೇಲೆ ಬೇರೆಬೇರೆ ರಾಜ್ಯಗಳಲ್ಲೂ ಬಂದಿವೆ. ಕಷ್ಟದ ಕೇಸುಗಳೆಲ್ಲ ಕೊನೆಗೆ ಅಲ್ಲಿಗೇ ಬಂದು ಸೇರುತ್ತವೆ.

ಬೆಳಿಗ್ಗೆ ಏಳಕ್ಕೆ ಹೋದರೂ ಬೆಂಚು ತುಂಬಿತ್ತು. ಒಂದು ಕಡೆ ಕಾರ್ಡ್ ಮಾಡಿಸು, ಇನ್ನೊಂದು ಕಡೆ ದುಡ್ಡು ಕಟ್ಟು, ರಸೀದಿ ತಂದು ಮತ್ತೆ ಮೊದಲ ಕಿಟಕಿಗೆ ಕೊಡು. ಇದೆಲ್ಲ ನಮ್ಮೂರ ಥರಾನೇ, ಮನೆಗೆ ಬಂದಂಗೇ ಅನಿಸಿತು. ಟಿಶ್ಯೂ ರೋಲ್ ಮಾತ್ರ ನಾವೇ ತರಬೇಕಿತ್ತಂತೆ. ಪಕ್ಕದ ಹೆಂಗಸು ತನ್ನದರಲ್ಲಿ ಅರ್ಧ ಸುತ್ತಿ ಕೊಟ್ಟಳು. ಹೊಟ್ಟೆ ಸ್ಕ್ಯಾನಿಗೆ ಬಂದವರೆಲ್ಲ ಪ್ಲಾಸ್ಟಿಕ್ ಪ್ಯಾಕೆಟ್ಟಿನ ‘ಪ್ಯೂರ್ ವಾಟರ್’ ಮೂಲೆ ಕಚ್ಚಿ ಹೀರುತ್ತಾ ಕೂತಿದ್ದರು. ಒಬ್ಬಳು ಎರಡು ಪ್ಯಾಕೆಟ್ ಮುಗಿಸಿ, ತಡೆಯಲಾರದೆ, ಆಕಡೆ ಈಕಡೆ ಓಡಾಡುತ್ತಿದ್ದಳು. ಬೆಂಚಿನ ತುಂಬಾ ನಗು. ನಗುವಿನ ಜೊತೆಗೇ ಎಲ್ಲರೂ ಅವಳಿಗೆ “ಸಾರಿ ಓ, ಸಾರಿ” ಅನ್ನುತ್ತಿದ್ದರು.

ಈ ‘ಸಾರಿ’ ನನಗೆ ಅರ್ಥವಾಗಲು ಒಂದು ವರ್ಷ ಬೇಕಾಗಿತ್ತು. ನೀವು ಎಡವಿದರೆ, ಕೆಮ್ಮಿದರೆ, ಚಹಾ ಚೆಲ್ಲಿಕೊಂಡರೆ, ಇಲ್ಲಿ ದಾರಿಯಲ್ಲಿ ಹೋಗುವವರೂ ಸಾರಿ ಅನ್ನುತ್ತಾರೆ. ತಪ್ಪು ಅವರದಲ್ಲ. ಅಯ್ಯೋ ಪಾಪ, ನೋವಾಯ್ತಾ ಅನ್ನೋ ಅರ್ಥ. ಇಲ್ಲಿಯವರ ಯೊರುಬಾ ಭಾಷೆಯಲ್ಲಿ ‘ಪೆಲೆ’ ಅಂತಾರೆ. ಸ್ಕ್ಯಾನಿಂಗ್ ರೂಮಿನ ಒಳಗೂ ಅದೇ ನಡೆಯುತ್ತೆ. ತಣ್ಣಗಿನ ಜೆಲ್ ಹಚ್ಚುವ ಮೊದಲು ಜೂನಿಯರ್ ಹುಡುಗ “ಸಾರಿ ಮಾ, ಇಟ್ ಈಸ್ ಕೋಲ್ಡ್” ಅಂದ. ಪ್ರೋಬ್ ಒತ್ತಿದಾಗಲೆಲ್ಲ ಸಾರಿ ಮಾ. ಅವನು ಅಳತೆ ತೆಗೆದು ಮುಗಿಸಿದ ಮೇಲೆ ಸೀನಿಯರ್ ಡಾಕ್ಟರಮ್ಮ ಬಂದರು. ಮೊದಲು ನಮಗೆ ಗುಡ್ ಮಾರ್ನಿಂಗ್, ಮನೆಯಲ್ಲಿ ಇನ್ನೊಂದು ಮಗು ಇದೆಯಾ, ಈ ಲಾಗೋಸ್ ಟ್ರಾಫಿಕ್ಕಿನಲ್ಲಿ ಹೇಗೆ ಬಂದಿರಿ. ಆಮೇಲೆ ಪರದೆಯನ್ನು ನಮ್ಮ ಕಡೆ ತಿರುಗಿಸಿದರು.

ಇದು ತಲೆ, ಇದು ಬೆನ್ನುಮೂಳೆ, ನೋಡಿ ಮುತ್ತು ಪೋಣಿಸಿದಂಗಿದೆ. ಇದು ಹೃದಯ, ನಾಲ್ಕು ಕೋಣೆ. ಈಗ ಕಿಡ್ನಿಗೆ ಬರೋಣ. ಈ ಕಪ್ಪು ಚುಕ್ಕೆ ಇದೆಯಲ್ಲ, ಅದೇ ನೀರು, ಐದು ಮಿಲಿಮೀಟರ್. ಬಹಳಷ್ಟು ಮಕ್ಕಳಲ್ಲಿ ತಾನೇ ಸರಿಹೋಗುತ್ತೆ, 32 ವಾರಕ್ಕೆ ಮತ್ತೆ ನೋಡೋಣ, ಹೆರಿಗೆ ಆದಮೇಲೆ ಇನ್ನೊಮ್ಮೆ ನೋಡಿಸಿ. ನಮ್ಮಿಂದ ಮೂರು ಸಲ ಪ್ರಶ್ನೆ ಕೇಳಿಸಿಕೊಂಡು ಮೂರು ಸಲ ಉತ್ತರ ಹೇಳಿದರು. ಆಮೇಲೇ ಆ ಮಾತು, ಇಟ್ಸ್ ಎ ಗರ್ಲ್ ಓ.

ವಾಪಸ್ ಬರುವಾಗ ಕಾರಿನಲ್ಲಿ ಹೆಂಡತಿ, “ರೀ, ಒದೀತಿದ್ದಾಳೆ ನೋಡಿ” ಅಂದಳು. ಬೆಳಿಗ್ಗೆ ಬರುವಾಗ “ಒದೀತಿದೆ” ಅಂದಿದ್ದಳು. ಕನ್ನಡದಲ್ಲಿ ಮಗು ಯಾವತ್ತೂ ‘ಅದು’ ತಾನೇ. ನಮ್ಮ ಮಗು ಹುಟ್ಟುವುದಕ್ಕೆ ನಾಲ್ಕು ತಿಂಗಳು ಮೊದಲೇ ‘ಅವಳು’ ಆಗಿಬಿಟ್ಟಳು. ತಮಾಷೆ ಅಂದರೆ ಯೊರುಬಾದಲ್ಲಿ ಅವನು ಅವಳು ಅಂತ ಬೇರೆಬೇರೆ ಪದವೇ ಇಲ್ಲ. ಅವಳಿಜವಳಿ ಮಕ್ಕಳು ಗಂಡಾದರೂ ಹೆಣ್ಣಾದರೂ ಮೊದಲು ಬಂದದ್ದು ತಾಯಿವೊ, ಆಮೇಲೆ ಬಂದದ್ದು ಕೆಹಿಂದೆ.

ದೊಡ್ಡವಳು ಹುಟ್ಟಿದ್ದು 2018ರಲ್ಲಿ, ಹಾಸನದಲ್ಲಿ. ಆಗ ಹೋಗಿದ್ದ ಸ್ಕ್ಯಾನಿಂಗ್ ಸೆಂಟರ್ ನೆನಪಿದೆ. ಗೋಡೆ ಮೇಲೆ ದೊಡ್ಡ ಬೋರ್ಡು, ಇಲ್ಲಿ ಲಿಂಗ ಪತ್ತೆ ಮಾಡುವುದಿಲ್ಲ ಅಂತ. ತಾಯಿ ಕಾರ್ಡು, ಗುರುತಿನ ಚೀಟಿ, ಬಸುರಿಯರ ಸ್ಕ್ಯಾನಿಗೆ ತುಂಬಬೇಕಾದ ಫಾರ್ಮ್ ಎಫ್, ನಾಲ್ಕು ಸಹಿ. ನನ್ನನ್ನು ಹೊರಗೇ ನಿಲ್ಲಿಸಿದರು. ಹೆಂಡತಿ ಒಳಗೆ ಹೋಗಿ ಎಂಟು ನಿಮಿಷಕ್ಕೆ ಬಂದಳು. ಪರದೆ ಆಕಡೆ ತಿರುಗಿತ್ತಂತೆ. ಮಗು ಚೆನ್ನಾಗಿದೆಯಾ ಸರ್ ಅಂತ ಕೇಳಿದ್ದಕ್ಕೆ “ರಿಪೋರ್ಟಲ್ಲಿ ಇರುತ್ತೆ, ನಿಮ್ಮ ಡಾಕ್ಟರಿಗೆ ತೋರಿಸಿ” ಅಂದರಂತೆ. ಎದೆಬಡಿತ ಕೇಳಿಸಿ ಸರ್ ಅಂದದ್ದಕ್ಕೆ ಸುಮ್ನೆ ಮಲಗಮ್ಮ ಅಂದರಂತೆ.

ಅಷ್ಟೂ ವರ್ಷ ನಾನು ಇದೆಲ್ಲ ಕಾನೂನು ಅಂದುಕೊಂಡಿದ್ದೆ. ಲಾಗೋಸಿನ ಆ ಆಸ್ಪತ್ರೆಯಿಂದ ಮನೆಗೆ ಬಂದಮೇಲೆ ರಾತ್ರಿ ಕೂತು ಲಿಂಗ ಪತ್ತೆ ತಡೆಯುವ ನಮ್ಮ ಕಾನೂನು ತೆಗೆದು ಓದಿದೆ. 1994ರದ್ದು, 2003ರಲ್ಲಿ ಇನ್ನೂ ಬಿಗಿ ಮಾಡಿದ್ದಾರೆ. ಗಂಡೋ ಹೆಣ್ಣೋ ಅಂತ ಮಾತಿನಲ್ಲಾಗಲಿ, ಸನ್ನೆಯಲ್ಲಾಗಲಿ, ಬೇರೆ ಯಾವುದೇ ರೀತಿಯಲ್ಲಾಗಲಿ ತಿಳಿಸಬಾರದು. ಮೊದಲ ಸಲ ಸಿಕ್ಕಿಬಿದ್ದರೆ ಮೂರು ವರ್ಷದವರೆಗೆ ಜೈಲು. ಸರಿ. ಆದರೆ ಮಗುವಿನ ತಲೆ ತೋರಿಸಬೇಡಿ ಅಂತ ಅದರಲ್ಲಿ ಎಲ್ಲೂ ಇಲ್ಲ. ಎದೆಬಡಿತ ಕೇಳಿಸಬೇಡಿ ಅಂತ ಇಲ್ಲ. ಗಂಡನನ್ನು ಹೊರಗೆ ನಿಲ್ಲಿಸಿ ಅಂತಾನೂ ಇಲ್ಲ. ಕಾನೂನು ಬೇಡ ಅಂದದ್ದು ಒಂದು ಮಾತು. ನಮ್ಮವರು ಅದರ ಜೊತೆಗೆ ಮಿಕ್ಕ ಮಾತನ್ನೆಲ್ಲ ನಿಲ್ಲಿಸಿಬಿಟ್ಟರು. ಬರಬರುತ್ತಾ ಅದೇ ಅಭ್ಯಾಸ ಆಯಿತು ಅಂತ ಕಾಣುತ್ತೆ. ಯಾಕೆಂದರೆ ನಮ್ಮಪ್ಪನ ಪಿತ್ತಕೋಶದ ಕಲ್ಲು ನೋಡಿದಾಗಲೂ ಪರದೆ ಆಕಡೆಗೇ ಇತ್ತು. ಎಪ್ಪತ್ತೆರಡು ವರ್ಷದ ನಮ್ಮಪ್ಪ ಗಂಡೋ ಹೆಣ್ಣೋ ಅನ್ನೋ ಗುಟ್ಟು ಬಯಲಾದರೆ ಯಾರಿಗೇನು ನಷ್ಟ?

ಡಾಕ್ಟರುಗಳ ಭಯವೂ ಸುಳ್ಳಲ್ಲ ಬಿಡಿ. ಫಾರ್ಮ್ ಎಫ್‌ನಲ್ಲಿ ಒಂದು ಕಾಲಂ ಬಿಟ್ಟರೂ ಕೇಸು, ಮಷಿನ್‌ಗೆ ಸೀಲು. ಗುಮಾಸ್ತನ ತಪ್ಪಿಗೂ ನಮ್ಮನ್ನು ಅಪರಾಧಿ ಮಾಡಬೇಡಿ ಅಂತ ಹೆರಿಗೆ ಡಾಕ್ಟರುಗಳ ಸಂಘ ಸುಪ್ರೀಂ ಕೋರ್ಟಿಗೆ ಹೋಗಿತ್ತು, 2019ರಲ್ಲಿ ಕೋರ್ಟು ಒಪ್ಪಲಿಲ್ಲ. ಮಾತಾಡಿ ಸಿಕ್ಕಿಬೀಳೋದಕ್ಕಿಂತ ಸುಮ್ಮನಿರೋದು ವಾಸಿ ಅಂತ ಅವರಿಗೆ ಅನಿಸಿದ್ದರೆ ಆಶ್ಚರ್ಯವಿಲ್ಲ.

ಸ್ಕ್ಯಾನ್ ಆಗಿ ಒಂದು ತಿಂಗಳೂ ಕಳೆದಿರಲಿಲ್ಲ, ಫೋನ್ ತೆಗೆದರೆ ಮಂಡ್ಯ. ಬೆಂಗಳೂರು ಪೊಲೀಸರು ಜಾಲ ಹಿಡಿದಿದ್ದರು. ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮಷಿನ್ ಇಟ್ಟುಕೊಂಡು ಹೆಣ್ಣೋ ಗಂಡೋ ನೋಡಿ ಹೇಳುತ್ತಿದ್ದರಂತೆ. ಹೆಣ್ಣಾದರೆ ಮುಂದಿನದಕ್ಕೂ ವ್ಯವಸ್ಥೆ ಇತ್ತಂತೆ. ಆಲೆಮನೆ! ಚಿಕ್ಕವರಿದ್ದಾಗ ಬಾಳೆಎಲೆ ಹಿಡಿದುಕೊಂಡು ಬಿಸಿ ಬೆಲ್ಲಕ್ಕೆ ಓಡುತ್ತಿದ್ದ ಜಾಗ. ಗೂಢವಾಗಿ ತೋರಿಸುವುದಕ್ಕೆ ಅಲ್ಲಿ ಪರದೆ ಈಕಡೆ ತಿರುಗಿತ್ತು. ಸುದ್ದಿಯನ್ನು ಹೆಂಡತಿಗೆ ಓದಿ ಹೇಳಲಿಲ್ಲ. ಅವಳಾಗಲೇ ಓದಿದ್ದಳು, ನನಗೆ ಹೇಳಿರಲಿಲ್ಲ ಅಷ್ಟೇ.

ಲಾಗೋಸಿನ ಡಾಕ್ಟರಮ್ಮ ‘ಯಾಕೆ’ ಅಂದಾಗ ನಾನು ತೊದಲಿದ್ದು ಇದನ್ನು ಹೇಳಲಾರದೆ. 2011ರ ಗಣತಿಯಲ್ಲಿ ಆರು ವರ್ಷದೊಳಗಿನ ಮಕ್ಕಳನ್ನು ಎಣಿಸಿದರೆ ಸಾವಿರ ಗಂಡಿಗೆ 920 ಹೆಣ್ಣೂ ಇರಲಿಲ್ಲ ನಮ್ಮ ದೇಶದಲ್ಲಿ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು “ಸಾರಿ” ಅಂದರು. ಆವತ್ತು ಕೇಳಿದ ಸಾರಿಗಳಲ್ಲಿ ನನಗೆ ಚುಚ್ಚಿದ್ದು ಅದೊಂದೇ.

ಅವತ್ತೇ ಸಂಜೆ ಅವ್ವ ಫೋನ್ ಮಾಡಿದ್ದಳು. ಕಿಡ್ನಿ ವಿಷಯ ಹೇಳಿದೆ. ದೇವರಿದ್ದಾನೆ ಬಿಡು ಅಂದಳು. ಆಮೇಲೆ ದನಿ ತಗ್ಗಿಸಿ, “ಏನ್ ಮಗೂಂತೆ ಕಣಪ್ಪ? ಅಲ್ಲೆಲ್ಲ ಹೇಳ್ತಾರಂತಲ್ಲ?” ಅಂದಳು. ನಾನು, “ಹೇಳಲ್ಲ ಕಣವ್ವ, ಇಲ್ಲೂ ಅದೇ ರೂಲು” ಅಂದೆ. ಯಾಕೆ ಸುಳ್ಳು ಹೇಳಿದೆ ಅಂತ ಹೆಂಡತಿ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಇಷ್ಟೆಲ್ಲ ಬರೆದಮೇಲೆ ಇಲ್ಲಿಯದನ್ನೂ ಸ್ವಲ್ಪ ಹೇಳದಿದ್ದರೆ ನನ್ನ ಲಾಗೋಸ್ ಗೆಳೆಯರೇ ನಗುತ್ತಾರೆ. ಅವತ್ತಿನ ಸ್ಕ್ಯಾನಿನ ನಡುವೆ ಕರೆಂಟ್ ಹೋಯಿತು. ಜನರೇಟರ್ ಹತ್ತಿಕೊಂಡು, ಮಷಿನ್ ಮತ್ತೆ ಎದ್ದು ಕೂರುವವರೆಗೆ ಕಾಲು ಗಂಟೆ ಕತ್ತಲಲ್ಲಿ ಬೆವರಿದೆವು. ರಿಪೋರ್ಟ್ ಟೈಪ್ ಆಗಿ ಸಹಿ ಬಿದ್ದು ಕೈಗೆ ಬಂದದ್ದು ನಾಲ್ಕನೇ ದಿನ. ಆ ವರ್ಷ ಜುಲೈ ಕೊನೆಯಿಂದ ಎರಡು ವಾರಕ್ಕೂ ಜಾಸ್ತಿ ದೇಶದ ರೆಸಿಡೆಂಟ್ ಡಾಕ್ಟರುಗಳು ಮುಷ್ಕರದಲ್ಲಿದ್ದರು. ನಮ್ಮ ಚೀಟಿ ಆಗ ಬಂದಿದ್ದರೆ ಏನು ಮಾಡುತ್ತಿದ್ದೆವೋ. ಡಾಲರಿಗೆ 460ರ ಆಸುಪಾಸಿದ್ದ ನೈರಾ ಒಂದು ವರ್ಷವೂ ಕಳೆಯುವ ಮೊದಲು 1500 ದಾಟಿತು. ಹೊರದೇಶದಿಂದ ಬರುವ ಬಿಡಿಭಾಗ, ಔಷಧಿ ಎಲ್ಲ ಅದರ ಜೊತೆಗೇ ಏರಿತು. ನಾಲ್ಕು ಸಮಾಧಾನದ ಮಾತು ನನಗೆ ಸಿಕ್ಕಿತು ನಿಜ. ಬೆಂಚಿನಲ್ಲಿ ಪಕ್ಕದ ಮುದುಕಿ ಸಿಟಿ ಸ್ಕ್ಯಾನಿಗೆ ದುಡ್ಡು ಸಾಲದೆ ಎದ್ದು ಹೋದಳು. ಅವಳಿಗೂ ಎಲ್ಲರೂ ಸಾರಿ ಮಾಮ ಅಂದರು, ಅಷ್ಟೇ. ಜೆಲ್ ಹಚ್ಚಿದ ಆ ಹುಡುಗನೂ ಈಗ ಇಲ್ಲಿಲ್ಲವಂತೆ. ‘ಜಾಪಾ’ ಅಂತಾರೆ ಇದಕ್ಕೆ, ದೇಶ ಬಿಟ್ಟು ಓಡೋದು.

ಗಂಡಿನ ಆಸೆಯೂ ಇಲ್ಲಿಲ್ಲ ಅಂತಲ್ಲ. ನಮ್ಮ ಫ್ಯಾಕ್ಟರಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು ಇಗ್ಬೊ ಜನಾಂಗದವನು. ನಾಲ್ಕು ಹೆಣ್ಣು. ಐದನೆಯದೂ ಹೆಣ್ಣು ಅಂತ ಸ್ಕ್ಯಾನಿನಲ್ಲಿ ಹೇಳಿದ ವಾರ ಅವನು ಯಾರ ಹತ್ತಿರವೂ ಮಾತಾಡಲಿಲ್ಲ. ಅವರ ಪದ್ಧತಿಯಲ್ಲಿ ಅಪ್ಪನ ಆಸ್ತಿ ಹೆಣ್ಣಿಗಿಲ್ಲ. ಅದು ಸಂವಿಧಾನಕ್ಕೆ ವಿರುದ್ಧ ಅಂತ ಇಲ್ಲಿಯ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ, ಆದರೂ ಅವನ ಹಳ್ಳಿಯಲ್ಲಿ ಯಾರೂ ಕೊಡುತ್ತಿಲ್ಲವಂತೆ. ಮುಂದೇನು ಅಂದೆ. “ಆರನೆಯದು” ಅಂದ.

ಮಗಳು ಫೆಬ್ರವರಿಯಲ್ಲಿ ಹುಟ್ಟಿದಳು. ಮೇನಲ್ಲಿ ಊರಿಗೆ ಹೋದಾಗ ಬೆಂಗಳೂರಿನಲ್ಲಿ ಕಿಡ್ನಿ ಸ್ಕ್ಯಾನ್ ಮಾಡಿಸಿದೆವು. ಹೇಳಲೇಬೇಕು, ಹತ್ತು ನಿಮಿಷದ ಕೆಲಸ. ಮಷಿನ್ ಹೊಳೆಯುತ್ತಿತ್ತು. ಒಂದು ಕಾಫಿ ಕುಡಿದು ಬರುವಷ್ಟರಲ್ಲಿ ರಿಪೋರ್ಟ್ ಫೋನಿಗೇ ಬಂತು, ನೀರು ಪೂರ್ತಿ ಇಳಿದಿದೆ ಅಂತ. ನಮ್ಮ ಲಾಗೋಸ್ ಬೆಂಚಿನವರು ಇದಕ್ಕೆ ಏನು ಬೇಕಾದರೂ ಕೊಟ್ಟಾರು. ಎಷ್ಟೋ ನೈಜೀರಿಯನ್ನರು ಮೆಡಿಕಲ್ ವೀಸಾ ಮಾಡಿಸಿಕೊಂಡು ಇಲ್ಲಿಗೆ ಬರುವುದು ಸುಮ್ನೆ ಅಲ್ಲ. ಒಳಗೆ ಮಾತ್ರ ಯಾರೂ ಒಂದು ಮಾತೂ ಆಡಲಿಲ್ಲ. ಮೂರು ತಿಂಗಳ ಕೂಸು ಜೆಲ್ ತಣ್ಣಗಾಗಿ ಕಿರುಚಿದಾಗಲೂ ಅಷ್ಟೇ.

ಹೊರಗೆ ಕುರ್ಚಿಗಳ ಸಾಲು, ಎಲ್ಲರೂ ಅವರವರ ಫೋನು ನೋಡುತ್ತಾ. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಯಜಮಾನರೊಬ್ಬರು ಕುರ್ಚಿಗೆ ತಗುಲಿಸಿಕೊಂಡು “ಅಮ್ಮಾ” ಅಂದರು. ನನ್ನ ದೊಡ್ಡ ಮಗಳು ತಕ್ಷಣ “ಸಾರಿ ಸರ್, ಸಾರಿ ಓ” ಅಂದಳು.

“ನೀನ್ಯಾಕಮ್ಮ ಸಾರಿ ಕೇಳ್ತೀಯ? ನೀನೇನ್ ಮಾಡಿದೆ?” ಅಂದರು ಅವರು.

ಅವಳು ನನ್ನ ಮುಖ ನೋಡಿದಳು. ನೈಜೀರಿಯಾದಲ್ಲಿ ಹಂಗನ್ನೋದು ಸರ್ ಅಂದೆ. ಅವರು ಫೋನ್ ಜೇಬಿಗೆ ಹಾಕಿ ಅವಳ ಕಡೆ ತಿರುಗಿ ಕೂತರು. ಯಶವಂತಪುರ ಸರ್ಕಲ್ಲಿನಲ್ಲಿ ಸ್ಕೂಟರ್ ಜಾರಿದ್ದನ್ನು ಮೊದಲಿನಿಂದ ಹೇಳಲು ಶುರು ಮಾಡಿದರು. ಅವರ ಟೋಕನ್ ನಂಬರ್ ಎರಡು ಸಲ ಕೂಗಿದರೂ ಅವರಿಗೆ ಕೇಳಿಸಲಿಲ್ಲ.